ಬ್ರೇಕ್ ‘ಹೊಡೆಯುವುದಕ್ಕೆ’ ಇಂಗ್ಲಿಷಿನಲ್ಲಿ ಏನಂತಾರೆ? ಐದು ವಾರ ಬಳಸಿದ ಆಪ್ ಬಗ್ಗೆ

ಮೊದಲ ಪಾಠದ ಮೊದಲ ಪ್ರಶ್ನೆಗೆ ಆಪ್ ನನಗೊಂದು ಬಸ್ಸಿನ ಚಿತ್ರ ತೋರಿಸಿತು. ಕೆಳಗೆ ನಾಲ್ಕು ಪದ: ಬಸ್, ಕಾರ್, ಟ್ರಕ್, ಬೈಸಿಕಲ್. ನಾನು ಬಸ್ ಒತ್ತಿದೆ. ಪರದೆ ತುಂಬಾ ಬಣ್ಣದ ಚೂರುಗಳು ಉದುರಿದವು, ಚಪ್ಪಾಳೆ ಸದ್ದು ಬಂತು. ನಲವತ್ತೇಳು ವರ್ಷದ ಹೆಂಗಸು ಬಸ್ಸನ್ನು ಬಸ್ಸು ಎಂದು ಗುರುತಿಸಿದ್ದಕ್ಕೆ ಚಪ್ಪಾಳೆ! ಪಕ್ಕದಲ್ಲಿ ಕೂತಿದ್ದ ಮಗಳು, ‘ಅಮ್ಮ, ನೀನು ಸೂಪರ್’ ಎಂದು ನಕ್ಕಳು.

ಟ್ರಾಫಿಕ್ ಮತ್ತು ಡ್ರೈವಿಂಗಿನ ಇಂಗ್ಲಿಷ್ ಪದಗಳನ್ನು ಕಲಿಸುವ ಆಪ್ ಇದು. ಹೆಸರು ಹಾಕುತ್ತಿಲ್ಲ. ಬೈಯುವುದು ಸ್ವಲ್ಪ ಜಾಸ್ತಿ ಇದೆ, ಅದಕ್ಕೆ. 12 ಪಾಠ, ಒಟ್ಟು 240 ಪದ. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷದ ಹಾಗೆ ಐದು ವಾರದಲ್ಲಿ ಮುಗಿಸಿದ್ದೇನೆ. ಕೊನೆಗೆ ಸರ್ಟಿಫಿಕೇಟನ್ನೂ ಕೊಟ್ಟಿತು.

ಈ ಆಪ್ ಯಾಕೆ ಬೇಕಾಯಿತು ಎನ್ನುವುದನ್ನು ಮೊದಲು ಹೇಳಬೇಕು. ಹದಿನೆಂಟು ವರ್ಷದಿಂದ ನಾನು ಕಾರು ಓಡಿಸುತ್ತಿದ್ದೇನೆ. ನಮ್ಮವರ ಕೆಲಸದ ಸಲುವಾಗಿ ಈಗ ನಾವಿರುವ ಕಡೆ ನನ್ನ ಹಳೆಯ ಲೈಸೆನ್ಸ್ ನಡೆಯುವುದಿಲ್ಲ. ಹೊಸದಾಗಿ ಟೆಸ್ಟ್ ಕೊಡಬೇಕು, ಅದೂ ಇಂಗ್ಲಿಷಿನಲ್ಲಿ. ನಾನೇನು ತಲೆ ಕೆಡಿಸಿಕೊಳ್ಳಲಿಲ್ಲ. ಕ್ಲಚ್, ಬ್ರೇಕ್, ಗೇರು, ಸ್ಟೇರಿಂಗ್, ಹಾರ್ನ್, ಇಂಡಿಕೇಟರ್, ಎಲ್ಲ ಇಂಗ್ಲಿಷೇ ಅಲ್ವಾ? ಕಾರಿನ ವಿಷಯದಲ್ಲಿ ನಾವು ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೇವೆ ಎಂದುಕೊಂಡಿದ್ದೆ.

ಮೊದಲ ಕ್ಲಾಸಿನಲ್ಲೇ ಆ ಧೈರ್ಯ ಇಳಿದುಹೋಯಿತು. ನನ್ನ ಇನ್‌ಸ್ಟ್ರಕ್ಟರ್ ವಯಸ್ಸಾದವರು, ಬ್ರಿಟಿಷ್ ಇಂಗ್ಲಿಷಿನವರು, ಮೆಲ್ಲಗೆ ಮಾತಾಡುವವರು. ಒಂದು ಖಾಲಿ ರಸ್ತೆಯಲ್ಲಿ ಹೋಗುತ್ತಿದ್ದಾಗ, ‘ಪುಲ್ ಅಪ್ ಆನ್ ದ ಲೆಫ್ಟ್, ಪ್ಲೀಸ್’ ಅಂದರು. ಪುಲ್ ಅಂದರೆ ಎಳೆ. ಅಪ್ ಅಂದರೆ ಮೇಲೆ. ಲೆಫ್ಟ್ ಅಂದರೆ ಎಡಗಡೆ. ನನ್ನ ಎಡಗಡೆಯಲ್ಲಿ ಮೇಲೆ ಎಳೆಯುವಂಥದ್ದು ಇದ್ದದ್ದು ಒಂದೇ, ಹ್ಯಾಂಡ್‌ಬ್ರೇಕ್. ಎಳೆದೆ. ವೇಗ ಹೆಚ್ಚಿರಲಿಲ್ಲ, ಸದ್ಯ. ಕಾರು ಕಿರ್ ಎಂದು ನಿಂತಿತು, ಅವರ ಕನ್ನಡಕ ಮೂಗಿನಿಂದ ಜಾರಿ ಮಡಿಲಿಗೆ ಬಿತ್ತು. ಅವರು ಅದನ್ನು ಮತ್ತೆ ಹಾಕಿಕೊಂಡು, ‘ವೆಲ್, ವಿ ಹ್ಯಾವ್ ಸ್ಟಾಪ್ಡ್’ ಅಂದರು. ಪುಲ್ ಅಪ್ ಅಂದರೆ ಬದಿಗೆ ಬಂದು ನಿಲ್ಲಿಸು ಎಂದಷ್ಟೇ ಅಂತೆ. ಆ ರಾತ್ರಿಯೇ ಈ ಆಪ್ ಇಳಿಸಿಕೊಂಡೆ.

ಪುಲ್ ಅಪ್ ಹುಡುಕಿದೆ. ಇರಲಿಲ್ಲ. 240 ಪದಗಳಲ್ಲಿ ಸುಮಾರು 200 ವಸ್ತುಗಳ ಹೆಸರು. ಸೀಟ್ ಬೆಲ್ಟ್, ವೀಲ್, ಮಿರರ್, ಟ್ಯಾಕ್ಸಿ, ಆಂಬ್ಯುಲೆನ್ಸ್, ಹೆಲ್ಮೆಟ್. ಕಾರು ನೋಡಿಯೇ ಇರದವರಿಗೆ ಹೇಳಿಕೊಡುವ ಹಾಗೆ ಒಂದೊಂದನ್ನೂ ಮೂರು ಮೂರು ಸಲ ಕೇಳುತ್ತದೆ. ಈ ಆಪ್‌ನ ದೊಡ್ಡ ತಪ್ಪು ಇದೇ. ಭಾಷೆ ಆಯ್ಕೆ ಮಾಡುವಾಗ ಕನ್ನಡ ಎಂದು ಒತ್ತಿದ್ದೇನೆ. ಹಾಗಿದ್ದ ಮೇಲೆ ಕನ್ನಡದವರಿಗೆ ಏನು ಆಗಲೇ ಗೊತ್ತು, ಏನು ಗೊತ್ತಿಲ್ಲ ಎಂದು ಯಾರಾದರೂ ಒಂದು ಗಂಟೆ ಕೂತು ಯೋಚಿಸಬಾರದಿತ್ತೇ?

ಆ ಕೆಲಸವನ್ನು ನಾನೇ ಒಂದು ನೋಟ್‌ಬುಕ್ ಇಟ್ಟುಕೊಂಡು ಮಾಡಿದೆ. ಮೊದಲ ವಾರ ಮಾಡಿದ್ದು ಒಂದೇ. ಕಾರಿನಲ್ಲಿ ಕೂತು ನನ್ನ ಬಾಯಲ್ಲಿ ಬರುವ ಮಾತನ್ನೆಲ್ಲ ಬರೆಯುತ್ತಾ ಹೋದೆ. ಬ್ರೇಕ್ ಹೊಡಿ. ಹಾರ್ನ್ ಹೊಡಿ. ಸೆಲ್ಫ್ ಹೊಡಿ. ಯೂ ಟರ್ನ್ ಹೊಡಿ. ಅವನು ಕಟ್ ಹೊಡೆದ. ಇವಳು ಹಿಂದಿನಿಂದ ಲೈಟ್ ಹೊಡೀತಾಳೆ. ಗೇರ್ ಹಾಕು, ಇಂಡಿಕೇಟರ್ ಹಾಕು, ಹ್ಯಾಂಡ್‌ಬ್ರೇಕ್ ಹಾಕು. ರಿವರ್ಸ್ ತಗೋ, ಲೆಫ್ಟ್ ತಗೋ. ಗಾಡಿ ಆಫ್ ಆಯ್ತು. ಒಂದು ಪುಟ ತುಂಬಿದ ಮೇಲೆ ನೋಡಿದರೆ ಎದ್ದು ಕಂಡಿತು. ಹೆಸರುಗಳೆಲ್ಲ ಇಂಗ್ಲಿಷಿನವು, ಕೆಲಸ ಮಾಡುವ ಪದಗಳೆಲ್ಲ ನಮ್ಮವು. ಅದರಲ್ಲೂ ಮೂರೇ ಮೂರು: ಹೊಡಿ, ಹಾಕು, ತಗೋ. ಈ ಮೂರರಲ್ಲಿ ನಾನು ಹದಿನೆಂಟು ವರ್ಷ ಕಾರು ಓಡಿಸಿದ್ದೇನೆ.

ಇಂಗ್ಲಿಷಿನಲ್ಲಿ ಈ ಸೌಕರ್ಯ ಇಲ್ಲ. ಬ್ರೇಕಿಗೆ ಬ್ರೇಕ್ ಎನ್ನುವುದೇ ಕ್ರಿಯಾಪದ, ಸುಮ್ನೆ ‘ಬ್ರೇಕ್’ ಅಂದರೆ ಸಾಕು. ಮೆಲ್ಲಗೆ ಒತ್ತಿದರೆ ಅಪ್ಲೈ, ಗಾಬರಿಯಲ್ಲಿ ಒತ್ತಿದರೆ ಸ್ಲ್ಯಾಮ್ ಆನ್. ಹಾರ್ನಿಗೆ ಸೌಂಡ್ ಅಥವಾ ಹಾಂಕ್. ಗೇರನ್ನು ಚೇಂಜ್ ಮಾಡುತ್ತಾರೆ, ಅಮೆರಿಕದವರು ಶಿಫ್ಟ್ ಮಾಡುತ್ತಾರೆ. ಎಂಜಿನ್ ಆಫ್ ಆಗಿಬಿಟ್ಟರೆ ಸ್ಟಾಲ್. ‘ಯೂ ಹ್ಯಾವ್ ಸ್ಟಾಲ್ಡ್’ ಎಂದಾಗ ನನಗೆ ಕಣ್ಣ ಮುಂದೆ ಬಂದದ್ದು ಪುಸ್ತಕದ ಸ್ಟಾಲು. ಅರ್ಧ ಕ್ಲಚ್ಚಿನಲ್ಲಿ ಗಾಡಿ ಹಿಡಿದು ನಿಲ್ಲಿಸುತ್ತೇವಲ್ಲ, ಆ ಜಾಗಕ್ಕೆ ಬೈಟಿಂಗ್ ಪಾಯಿಂಟ್, ಕಚ್ಚುವ ಬಿಂದು. ಎಷ್ಟು ಚೆನ್ನಾಗಿದೆ! ಕ್ಲಚ್ಚು ಕಚ್ಚುವುದು ಪಾದಕ್ಕೆ ಗೊತ್ತಾಗುತ್ತದೆ. ಆಪ್‌ನಲ್ಲಿ ಇದೂ ಇಲ್ಲ. ಒಂದೇ ಒಂದು ಕಡೆ ನನ್ನ ಕನ್ನಡ ನೇರವಾಗಿ ಕೂತಿತು. ‘ಹಿಟ್ ದ ಬ್ರೇಕ್ಸ್’ ಎಂದು ಅವರೂ ಆಡುಮಾತಿನಲ್ಲಿ ಹೇಳುತ್ತಾರೆ. ಅಂದರೆ ಬ್ರೇಕ್ ಹೊಡೆಯುವವರು ನಾವಷ್ಟೇ ಅಲ್ಲ.

ಈ ‘ಹೊಡಿ’ ಬಗ್ಗೆ ಇನ್ನೊಂದು ಮಾತು. ಎತ್ತಿನ ಗಾಡಿ ಹೊಡೆಯುವುದು ಎನ್ನುತ್ತೇವಲ್ಲ, ಇಂಗ್ಲಿಷಿನ ಡ್ರೈವ್ ಕೂಡ ಮೂಲದಲ್ಲಿ ಅದೇ. ದನ, ಕುದುರೆ ಅಟ್ಟಿಕೊಂಡು ಹೋಗುವುದು. ಕುದುರೆ ಹೋಗಿ ಎಂಜಿನ್ ಬಂತು, ಮಾತು ಹಾಗೇ ಉಳಿಯಿತು. ಪುಲ್ ಅಪ್ ಅರ್ಥವಾಗಿದ್ದೂ ಹೀಗೇ. ಕುದುರೆ ನಿಲ್ಲಿಸಲು ಲಗಾಮನ್ನು ಎಳೆಯುತ್ತಿದ್ದರಲ್ಲ, ಆ ಎಳೆತವೇ ಇದು. ಡ್ಯಾಶ್‌ಬೋರ್ಡ್ ಕೂಡ ಗಾಡಿಯ ಕಾಲದ್ದು. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಮೈಮೇಲೆ ಬೀಳದಂತೆ ಮುಂದೆ ಕಟ್ಟಿದ್ದ ಹಲಗೆ ಅದು. ಈಗ ಅದರಲ್ಲಿ ನಕ್ಷೆ, ಹಾಡು ಎಲ್ಲ ಬರುತ್ತದೆ. ಇನ್‌ಸ್ಟ್ರಕ್ಟರ್ ಇದನ್ನೆಲ್ಲ ಹೇಳುವಾಗ ಮಾತ್ರ ಅವರ ದನಿ ಏರುತ್ತಿತ್ತು. ಲಗಾಮಿನ ಕಥೆ ಕೇಳಿದ ಮೇಲೆ ನಾನು ಪುಲ್ ಅಪ್ ಎಂದೂ ಮರೆತಿಲ್ಲ. ಆಪ್ ಇಂಥದ್ದೊಂದು ಸಾಲು ಹಾಕಿದ್ದರೆ ಅದರ ಬಣ್ಣದ ಚೂರುಗಳನ್ನು ಕ್ಷಮಿಸುತ್ತಿದ್ದೆ.

ಪುಲ್ಲಿನ ಸಂಸಾರ ಅಲ್ಲಿಗೆ ಮುಗಿಯುವುದಿಲ್ಲ. ಪುಲ್ ಓವರ್ ಅಂದರೆ ರಸ್ತೆ ಬದಿಗೆ ಬಾ. ಪೊಲೀಸರು ಗಾಡಿ ನಿಲ್ಲಿಸಲು ಹೇಳುವುದೂ ಇದೇ ಮಾತಿನಲ್ಲಿ. ಪುಲ್ ಇನ್ ಅಂದರೆ ಒಳಗೆ ತಗೋ, ಪುಲ್ ಔಟ್ ಅಂದರೆ ಬದಿಯಿಂದ ರಸ್ತೆಗೆ ಬಾ, ಪುಲ್ ಅವೇ ಅಂದರೆ ನಿಂತಲ್ಲಿಂದ ಹೊರಡು. ಒಂದು ಪುಟ್ಟ ಪದ ಬದಲಾದರೆ ಕಾರು ಹೋಗುವ ದಿಕ್ಕೇ ಬದಲು. ನಾನು ಓವರ್ ಕೇಳಿ ಔಟ್ ಎಂದುಕೊಂಡರೆ ನಿಲ್ಲಿಸಬೇಕಾದಲ್ಲಿ ರಸ್ತೆಗೆ ನುಗ್ಗುತ್ತೇನೆ. ಇಂಥ ಜೋಡಿಪದಗಳಿಗೆ ಆಪ್ ಕೊಟ್ಟಿರುವ ಜಾಗ 9ನೇ ಪಾಠದಲ್ಲಿ ಆರು ಕಾರ್ಡು: ಸ್ಲೋ ಡೌನ್, ಸ್ಪೀಡ್ ಅಪ್, ಬ್ಯಾಕ್ ಅಪ್, ಪುಲ್ ಓವರ್, ಗೆಟ್ ಇನ್, ಗೆಟ್ ಔಟ್. ಬಸ್ಸಿಗೆ ಮೂರು ಸಲ ಚಪ್ಪಾಳೆ, ಪುಲ್ ಓವರಿಗೆ ಒಂದು ಕಾರ್ಡು.

ಇದಕ್ಕೆ ಸೇರಿಸಿ ಹೇಳಬೇಕಾದ ಇನ್ನೊಂದು ಪದ ಬೇರ್. ‘ಬೇರ್ ಲೆಫ್ಟ್’ ಎಂದು ಫೋನಿನ ನಕ್ಷೆ ಹೇಳಿದಾಗ ನಾನು ಎಡಗಡೆ ಕರಡಿ ಹುಡುಕಲಿಲ್ಲ, ಅಷ್ಟು ದಡ್ಡಿ ಅಲ್ಲ. ಆದರೆ ಪೂರ್ತಿ ಎಡಕ್ಕೆ ತಿರುಗಿಸಿಬಿಟ್ಟೆ. ಬೇರ್ ಅಂದರೆ ಎಡಕ್ಕೆ ವಾಲಿಕೊಂಡು ಹೋಗು ಎಂದಷ್ಟೇ, ತಿರುಗುವುದಕ್ಕೆ ಟರ್ನ್. ಇದನ್ನೂ ನೋಟ್‌ಬುಕ್ಕಿಗೆ ಬರೆದೆ.

ನಾವು ಇಂಗ್ಲಿಷ್ ಎಂದು ನಂಬಿರುವ ಕೆಲವು ಪದಗಳು ಇಂಗ್ಲಿಷಿನವರಿಗೇ ಗೊತ್ತಿಲ್ಲ, ಇದು ನನ್ನ ಎರಡನೇ ಪೆಟ್ಟು. ಸ್ಟೆಪ್ನಿ ಎಲ್ಲಿದೆ ಎಂದು ಕೇಳಿದೆ. ಇನ್‌ಸ್ಟ್ರಕ್ಟರ್ ನನ್ನ ಮುಖ ನೋಡಿದರು. ಹೆಚ್ಚುವರಿ ಚಕ್ರ ಎಂದು ಕೈಯಲ್ಲಿ ಸುತ್ತಿ ತೋರಿಸಿದ ಮೇಲೆ, ‘ಓ, ಸ್ಪೇರ್ ವೀಲ್!’ ಎಂದರು. ಮನೆಗೆ ಬಂದು ಹುಡುಕಿದರೆ ಸ್ಟೆಪ್ನಿ ನಿಜವಾಗಿ ಒಂದು ರಸ್ತೆಯ ಹೆಸರಿನಿಂದ ಬಂದದ್ದು. ವೇಲ್ಸಿನ ಲನೆಥ್ಲಿ ಎಂಬ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ 1904ರಲ್ಲಿ ಡೇವಿಸ್ ಸಹೋದರರು ಬಿಡಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ಆಗಿನ ಕಾರುಗಳಿಗೆ ಸ್ಪೇರ್ ಎಂಬುದೇ ಇರುತ್ತಿರಲಿಲ್ಲ. ಅವರ ದೇಶದಲ್ಲಿ ಪದ ಸತ್ತುಹೋಯಿತು, ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಉರುಳುತ್ತಿದೆ.

ಡಿಕ್ಕಿಯ ಕಥೆಯೂ ಇದೇ. ಹಳೆಯ ಗಾಡಿಗಳಲ್ಲಿ, ಕಾರುಗಳಲ್ಲಿ ಡಿಕಿ ಎಂಬ ಸೀಟು ಇರುತ್ತಿತ್ತು, ಹಿಂದೆ ಮಡಚಿಡುವಂಥದ್ದು. ಇಂದು ಇಂಗ್ಲಿಷಿನವರಿಗೆ ಡಿಕ್ಕಿ ತೆಗೀರಿ ಎಂದರೆ ಅರ್ಥವಾಗುವುದಿಲ್ಲ. ನಮಗಾದರೋ ಡಿಕ್ಕಿ ಹೊಡೆಯುವುದು ಬೇರೆ, ಡಿಕ್ಕಿ ತೆಗೆಯುವುದು ಬೇರೆ. ನನ್ನ ಕಾರಿನ ಡಿಕ್ಕಿಗೇ ಒಮ್ಮೆ ಡಿಕ್ಕಿಯಾಗಿತ್ತು, ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಮಜವೇ ಇಲ್ಲ. ಸೆಲ್ಫ್ ಎಂದರೂ ಅಲ್ಲಿ ಯಾರಿಗೂ ತಿಳಿಯಲಿಲ್ಲ. ಅದು ಸೆಲ್ಫ್ ಸ್ಟಾರ್ಟರಿನ ಅರ್ಧ ತುಂಡು, ಅವರು ಸ್ಟಾರ್ಟರ್ ಅಥವಾ ಇಗ್ನಿಷನ್ ಎನ್ನುತ್ತಾರೆ. ಸ್ಟೇರಿಂಗ್ ಎಂದು ನಾವು ಹಿಡಿದುಕೊಳ್ಳುವುದನ್ನು ಸ್ಟಿಯರಿಂಗ್ ವೀಲ್ ಎನ್ನಬೇಕು. ಇದನ್ನೆಲ್ಲ ‘ನೀವು ಹೀಗಂತೀರಿ, ಅವರು ಹಾಗಂತಾರೆ’ ಎಂದು ಒಂದು ಪಾಠ ಮಾಡಿದ್ದರೆ ಈ ಆಪ್‌ಗೆ ಐದಕ್ಕೆ ಐದು ಕೊಡುತ್ತಿದ್ದೆ.

ಈಗ ನನಗೆ ನಿಜವಾಗಿ ಸಿಟ್ಟು ಬಂದ ವಿಷಯ. ಸೆಟ್ಟಿಂಗ್ಸಿನಲ್ಲಿ ಬ್ರಿಟಿಷ್ ಇಂಗ್ಲಿಷ್, ಅಮೆರಿಕನ್ ಇಂಗ್ಲಿಷ್ ಎಂದು ಎರಡು ಆಯ್ಕೆ ಇದೆ. ನಾನು ಬ್ರಿಟಿಷ್ ಹಾಕಿಕೊಂಡೆ. ದನಿ ಬದಲಾಯಿತು. ಪದ ಬದಲಾಗಲಿಲ್ಲ! ಲಂಡನ್ನಿನ ಹೆಂಗಸಿನ ಹಾಗೆ ಉಚ್ಚರಿಸುತ್ತಾ ‘ಟ್ರಂಕ್’, ‘ಹುಡ್’, ‘ವಿಂಡ್‌ಶೀಲ್ಡ್’ ಎಂದು ಹೇಳಿಕೊಡುತ್ತದೆ. ಬ್ರಿಟಿಷರು ಇವುಗಳನ್ನು ಬೂಟ್, ಬಾನೆಟ್, ವಿಂಡ್‌ಸ್ಕ್ರೀನ್ ಎನ್ನುತ್ತಾರೆ. ಎರಡು ವಾರ ಕಲಿತದ್ದನ್ನು ಇನ್‌ಸ್ಟ್ರಕ್ಟರ್ ಮುಂದೆ ಹೇಳಿದಾಗ ಅವರು, ‘ಯಾರು ನಿಮಗೆ ಹಾಲಿವುಡ್ ಇಂಗ್ಲಿಷ್ ಕಲಿಸುತ್ತಿರುವುದು?’ ಎಂದು ಕೇಳಿದರು. ಟ್ರಂಕಿನ ಬಗ್ಗೆ ಮಾತ್ರ ನನಗೆ ಬೇಸರವಿಲ್ಲ. ನಮ್ಮ ತಗಡಿನ ಟ್ರಂಕಿನಂಥ ಪೆಟ್ಟಿಗೆಯನ್ನೇ ಮೊದಮೊದಲು ಕಾರಿನ ಹಿಂದೆ ಪಟ್ಟಿ ಹಾಕಿ ಕಟ್ಟುತ್ತಿದ್ದರು, ಪದ ಅಲ್ಲಿಂದಲೇ ಬಂದದ್ದು.

ಬಾನೆಟ್ಟಿಗೆ ಹುಡ್ ಎಂದರೆ ಹೆಚ್ಚೆಂದರೆ ನಗುತ್ತಾರೆ. ಕೆಲವು ಪದಗಳಲ್ಲಿ ನಗುವುದಕ್ಕೆ ಏನೂ ಇಲ್ಲ. ಪೇವ್‌ಮೆಂಟ್ ತಗೊಳ್ಳಿ. ಬ್ರಿಟಿಷರಿಗೆ ಅದು ಜನ ನಡೆಯುವ ಕಾಲುದಾರಿ. ಅಮೆರಿಕದವರಿಗೆ ಪೇವ್‌ಮೆಂಟ್ ಎಂದರೆ ಗಾಡಿ ಓಡುವ ರಸ್ತೆಯ ಮೇಲ್ಮೈ, ಅವರ ಕಾಲುದಾರಿ ಸೈಡ್‌ವಾಕ್. ‘ಕೀಪ್ ಆನ್ ದ ಪೇವ್‌ಮೆಂಟ್’ ಎಂದು ಯಾರಾದರೂ ಹೇಳಿದರೆ ಕಾರನ್ನು ಎಲ್ಲಿಗೆ ಒಯ್ಯಬೇಕು? ಆಪ್‌ನಲ್ಲಿ ಪೇವ್‌ಮೆಂಟ್ ಒಂದೇ ಕಾರ್ಡು, ಡಾಂಬರಿನ ಚಿತ್ರ, ಬ್ರಿಟಿಷ್ ದನಿ. ನಾನು ಇದನ್ನು ಬರೆದು ಕಳಿಸಿದೆ. ಒಂಬತ್ತು ದಿನದ ಮೇಲೆ ಉತ್ತರ ಬಂತು: ‘ನಿಮ್ಮ ಕಲಿಕೆಯ ಪಯಣದಲ್ಲಿ ನಾವು ಜೊತೆಗಿದ್ದೇವೆ.’ ಕಾರ್ಡು ಇವತ್ತಿಗೂ ಹಾಗೇ ಇದೆ.

ಗ್ಯಾಸ್ ಇನ್ನೊಂದು. ಅಮೆರಿಕದಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುವುದು ಗ್ಯಾಸೊಲಿನ್ ಎಂಬುದರ ಮೋಟು ರೂಪ, ಅದರಲ್ಲಿ ಅನಿಲ ಎಂಥದ್ದೂ ಇಲ್ಲ. ಆಪ್‌ನ ‘ಸ್ಟೆಪ್ ಆನ್ ದ ಗ್ಯಾಸ್’ ಕಾರ್ಡು ನೋಡಿ ನಮ್ಮವರು, ‘ಸಿಲಿಂಡರ್ ಮೇಲೆ ಯಾಕೆ ಕಾಲಿಡಬೇಕು?’ ಎಂದರು. ಎಕ್ಸಲರೇಟರ್ ಒತ್ತು ಎಂದು ಅರ್ಥ. ಲೈಸೆನ್ಸ್ ಸ್ಪೆಲ್ಲಿಂಗಿನಲ್ಲೂ ಜಗಳ ಇದೆ. ಬ್ರಿಟಿಷರು ಕಾಗದದ ಹೆಸರಾದಾಗ ಕೊನೆಯಲ್ಲಿ ಸಿ ಹಾಕುತ್ತಾರೆ, ಕೊಡುವ ಕ್ರಿಯೆಯಾದಾಗ ಎಸ್. ಅಮೆರಿಕದವರು ಎರಡಕ್ಕೂ ಎಸ್. ಆಪ್ ಪ್ರಶ್ನೆಯಲ್ಲಿ ಒಂದು, ಉತ್ತರದಲ್ಲಿ ಇನ್ನೊಂದು ಹಾಕಿ, ನಾನು ಬರೆದದ್ದಕ್ಕೆ ಕೆಂಪು ಗೆರೆ ಎಳೆಯಿತು.

ಓವರ್‌ಟೇಕ್ ನಮಗೆಲ್ಲ ಗೊತ್ತು. ತಪ್ಪು ಬದಿಯಿಂದ ಮುಂದೆ ನುಗ್ಗುವುದಕ್ಕೆ ಬ್ರಿಟಿಷರು ಅಂಡರ್‌ಟೇಕ್ ಎನ್ನುತ್ತಾರೆ. ಅಂಡರ್‌ಟೇಕರ್ ಎಂದರೆ ಅಂತ್ಯಸಂಸ್ಕಾರದ ವ್ಯವಸ್ಥೆ ಮಾಡುವವನು. ಹಾಗೆ ನುಗ್ಗುವವರಿಗೆ ಅವನೂ ಬೇಕಾಗಬಹುದು ಎಂದು ಇನ್‌ಸ್ಟ್ರಕ್ಟರ್ ನಗದೇ ಹೇಳಿದರು.

ಇಷ್ಟು ಬೈದ ಮೇಲೆ ಹೊಗಳಲೇಬೇಕಾದ್ದು ಒಂದಿದೆ, ರಸ್ತೆ ಫಲಕಗಳ ಎರಡು ಪಾಠಗಳು. ಇವನ್ನು ಮಾಡಿದವರು ಬೇರೆಯವರೇ ಇರಬೇಕು ಅನ್ನಿಸುವಷ್ಟು ಚೆನ್ನಾಗಿವೆ. ಬರೀ ಪದ ಕೇಳುವುದಿಲ್ಲ, ಆಕಾರದ ಕಾರಣ ಹೇಳುತ್ತದೆ. ಸ್ಟಾಪ್ ಫಲಕಕ್ಕೆ ಮಾತ್ರ ಎಂಟು ಮೂಲೆ, ಗಿವ್ ವೇ ಫಲಕ ಮಾತ್ರ ತಲೆಕೆಳಗಾದ ತ್ರಿಕೋನ. ಹಿಮ ಮುಚ್ಚಿ ಅಕ್ಷರ ಕಾಣದಿದ್ದರೂ, ಹಿಂದಿನಿಂದ ನೋಡಿದರೂ ಆಕಾರದಿಂದಲೇ ಗೊತ್ತಾಗಬೇಕು ಎಂದು ಹಾಗೆ. ಅಮೆರಿಕದಲ್ಲಿ 1954ರವರೆಗೆ ಸ್ಟಾಪ್ ಫಲಕ ಹಳದಿ ಇತ್ತಂತೆ, ಬಾಳಿಕೆ ಬರುವ ಕೆಂಪು ಬಣ್ಣ ಸಿಗುತ್ತಿರಲಿಲ್ಲ ಎಂಬ ಕಾರಣಕ್ಕೆ. ದೇಶದಿಂದ ದೇಶಕ್ಕೆ ಫಲಕಗಳು ಸುಮಾರಾಗಿ ಒಂದೇ ಥರ ಇರಲಿ ಎಂದು 1968ರಲ್ಲಿ ವಿಯೆನ್ನಾದಲ್ಲಿ ಒಪ್ಪಂದ ಆಯಿತು. ಇದೆಲ್ಲ ಕಾರ್ಡಿನ ಕೆಳಗೆ ಸಣ್ಣಕ್ಷರದಲ್ಲಿದೆ, ನಾನು ಕನ್ನಡಕ ಹಾಕಿಕೊಂಡು ಒಂದನ್ನೂ ಬಿಡದೆ ಓದಿದೆ.

ಗಿವ್ ವೇ ಎನ್ನುವುದನ್ನೇ ಅಮೆರಿಕದಲ್ಲಿ ಯೀಲ್ಡ್ ಎನ್ನುತ್ತಾರೆ. ಯೀಲ್ಡ್ ಎಂದರೆ ನನಗೆ ಎಕರೆಗೆ ಎಷ್ಟು ಬೆಳೆ ಎಂಬುದು ಮಾತ್ರ ಗೊತ್ತಿತ್ತು. ಬಿಟ್ಟುಕೊಡು ಎಂಬುದು ಅದರ ಇನ್ನೊಂದು ಅರ್ಥ. ಇಲ್ಲೇ ಆಪ್ ‘ರೈಟ್ ಆಫ್ ವೇ’ ಎಂಬುದನ್ನೂ ಕಲಿಸುತ್ತದೆ, ಕನ್ನಡದಲ್ಲಿ ‘ದಾರಿಯ ಹಕ್ಕು’ ಎಂದು ಕೊಟ್ಟಿದೆ. ಹಕ್ಕು ಎಂದ ಕೂಡಲೇ ನಮಗೆ ಜಗಳದ ಹುರುಪು ಬರುತ್ತದೆ ಅಲ್ವಾ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಹೇಳುತ್ತದೆ, ಈ ನಿಯಮಗಳು ಯಾವ ಸಂದರ್ಭದಲ್ಲೂ ನಿಮಗೆ ದಾರಿಯ ಹಕ್ಕು ಕೊಡುವುದಿಲ್ಲ, ನೀವು ಯಾವಾಗ ಇತರರಿಗೆ ದಾರಿ ಬಿಡಬೇಕು ಎಂದು ತಿಳಿಸುತ್ತವೆ ಅಷ್ಟೇ ಎಂದು. ಇನ್‌ಸ್ಟ್ರಕ್ಟರ್ ಇದನ್ನು ನನಗೆ ಪುಸ್ತಕ ತೆರೆದು ತೋರಿಸಿದರು. ‘ದಾರಿ ಯಾರು ಬಿಡಬೇಕು’ ಎಂದು ಆಪ್ ಬರೆದಿದ್ದರೆ ಸಾಕಿತ್ತು.

ರಸ್ತೆ ದಾಟುವ ಜಾಗಗಳ ಕಾರ್ಡುಗಳಂತೂ ಮಗಳಿಗೂ ಇಷ್ಟವಾದವು. ಬ್ರಿಟಿಷರು ಅವಕ್ಕೆಲ್ಲ ಪ್ರಾಣಿ ಪಕ್ಷಿಗಳ ಹೆಸರಿಟ್ಟಿದ್ದಾರೆ. ಕಪ್ಪು ಬಿಳಿ ಪಟ್ಟಿಯ ಜೀಬ್ರಾ 1951ರಿಂದ ಇದೆ. ಗುಂಡಿ ಒತ್ತಿ ದೀಪ ಬರಿಸಿಕೊಂಡು ದಾಟುವುದು ಪೆಲಿಕನ್. ಜನ ಇದ್ದಾರೋ ಇಲ್ಲವೋ ಎಂದು ತಾನೇ ನೋಡಿಕೊಳ್ಳುವಂಥದ್ದು ಪಫಿನ್. ನಡೆಯುವವರೂ ಸೈಕಲ್ಲಿನವರೂ ಇಬ್ಬರೂ ದಾಟಬಹುದಾದ್ದು ಟೂಕ್ಯಾನ್. ಹಕ್ಕಿಯ ಹೆಸರನ್ನು ಒಡೆದರೆ ‘ಟೂ ಕ್ಯಾನ್’, ಇಬ್ಬರಿಗೂ ಆಗುತ್ತೆ! ಕುದುರೆ ಸವಾರರಿಗೆಂದು ಪೆಗಸಸ್ ಇದೆ, ರೆಕ್ಕೆಯ ಕುದುರೆ. ಕುದುರೆಯ ಮೇಲೆ ಕೂತವರ ಕೈಗೆ ಸಿಗಲಿ ಎಂದು ಅದರ ಗುಂಡಿ ಎತ್ತರದಲ್ಲಿರುತ್ತದೆ. ಇದರಲ್ಲಿ ಟೆಸ್ಟಿಗೆ ಎಷ್ಟು ಬೇಕೋ, ಪೆಗಸಸ್ ಎಂಬ ಹೆಸರಂತೂ ಇನ್ನು ನನ್ನ ತಲೆಯಿಂದ ಹೋಗುವುದಿಲ್ಲ.

ಇದೇ ಪಾಠದಲ್ಲಿ ಒಂದು ಎಡವಟ್ಟೂ ಇದೆ. ರಸ್ತೆಯ ಉಬ್ಬಿಗೆ ಬ್ರಿಟಿಷರ ಆಡುಮಾತು ‘ಸ್ಲೀಪಿಂಗ್ ಪೊಲೀಸ್‌ಮನ್’, ಮಲಗಿದ ಪೊಲೀಸ್. ಆಪ್‌ನ ಚಿತ್ರದಲ್ಲಿ ಕುರ್ಚಿಯ ಮೇಲೆ ನಿಜವಾದ ಪೊಲೀಸಪ್ಪ ಗೊರಕೆ ಹೊಡೆಯುತ್ತಿದ್ದಾನೆ. ಕ್ಯಾಟ್ಸ್ ಐ ಕಾರ್ಡಿಗೆ ಬೆಕ್ಕಿನ ಫೋಟೋ ಹಾಕಿಲ್ಲ, ಪುಣ್ಯ. ರಾತ್ರಿ ಗಾಡಿಯ ಬೆಳಕಿಗೆ ರಸ್ತೆ ಮಧ್ಯೆ ಮಿನುಗುವ ಆ ಗುಂಡಿಗಳನ್ನು ಇಂಗ್ಲೆಂಡಿನ ಪರ್ಸಿ ಶಾ ಎಂಬವರು 1934ರಲ್ಲಿ ಕಂಡುಹಿಡಿದರು. ಚಕ್ರ ಮೇಲೆ ಹೋದಾಗ ರಬ್ಬರು ಕೆಳಗಿಳಿದು ಗಾಜನ್ನು ಒರೆಸಿಬಿಡುತ್ತದೆ, ರೆಪ್ಪೆ ಮಿಟುಕಿಸಿದ ಹಾಗೆ.

ವಾಹನ ದಟ್ಟಣೆಯ ಪಾಠ ಪರವಾಗಿಲ್ಲ. ನಾವು ‘ಟ್ರಾಫಿಕ್ ಇತ್ತು, ಲೇಟಾಯ್ತು’ ಎನ್ನುತ್ತೇವೆ. ಟ್ರಾಫಿಕ್ ಎಂದರೆ ರಸ್ತೆಯಲ್ಲಿ ಓಡಾಡುವ ವಾಹನಗಳು, ಜಾಸ್ತಿ ಇದ್ದರೆ ಹೆವಿ, ಕಮ್ಮಿ ಇದ್ದರೆ ಲೈಟ್. ಹಾಗಾಗಿ ‘ಟ್ರಾಫಿಕ್ ಲೈಟ್’ ಬೇರೆ, ‘ಲೈಟ್ ಟ್ರಾಫಿಕ್’ ಬೇರೆ. ಪದ ಜೋಡಿಸುವ ಆಟದಲ್ಲಿ ನಾನು ಇದರಲ್ಲಿ ಎರಡು ಸಲ ಸೋತೆ. ಗ್ರಿಡ್‌ಲಾಕ್ ಎಂಬ ಪದ ಮಾತ್ರ ಮನಸ್ಸಿಗೆ ಹಿಡಿಸಿತು. ಚೌಕಾಬಾರದ ಮನೆಗಳಂತೆ ಇರುವ ರಸ್ತೆಗಳಲ್ಲಿ ಪ್ರತಿ ಕೂಡುರಸ್ತೆಯೂ ಮುಚ್ಚಿಹೋಗಿ, ಯಾವ ಕಡೆಯೂ ಯಾರೂ ಅಲುಗದ ಸ್ಥಿತಿ. 1980ರಲ್ಲಿ ನ್ಯೂಯಾರ್ಕಿನ ಬಸ್ಸು, ಸಬ್‌ವೇ ನೌಕರರು ಮುಷ್ಕರ ಹೂಡಿದಾಗ ಈ ಪದ ಎಲ್ಲರ ಬಾಯಿಗೆ ಬಂತು. ನಾವು ಇದನ್ನೂ ಜಾಮ್ ಎನ್ನುತ್ತೇವೆ. ಮುಂದಿನ ಗಾಡಿ ಕೆಟ್ಟು ನಿಂತರೂ ಜಾಮ್, ಊರೇ ನಿಂತರೂ ಜಾಮ್.

ಜೇವಾಕ್ ಕಾರ್ಡು ಓದಿ ಸ್ವಲ್ಪ ಬೇಜಾರಾಯಿತು. ಎಲ್ಲೆಂದರಲ್ಲಿ ರಸ್ತೆ ದಾಟುವುದಕ್ಕೆ ಅಮೆರಿಕದಲ್ಲಿ ಹುಟ್ಟಿದ ಮಾತು ಅದು. ಜೇ ಎಂದರೆ ಆಗಿನ ಆಡುಮಾತಿನಲ್ಲಿ ಪೇಟೆಯ ರೀತಿ ಗೊತ್ತಿಲ್ಲದ ಹಳ್ಳಿ ಗುಗ್ಗು. ಕಾರುಗಳು ಬರುವ ಮೊದಲು ರಸ್ತೆ ನಡೆಯುವವರದ್ದೂ ಆಗಿತ್ತು, ಬಂದ ಮೇಲೆ ನಡೆಯುವವರೇ ಗುಗ್ಗುಗಳಾದರು.

ಮಾತಾಡಿ ಒಪ್ಪಿಸುವ ಭಾಗ ಇದೆಯಲ್ಲ, ಮೈಕ್ ಒತ್ತಿ ಪದ ಹೇಳುವುದು, ಅದನ್ನು ನಾನು ಅರ್ಧದಲ್ಲೇ ಬಿಟ್ಟೆ. ವೆಹಿಕಲ್ ಎಂದು ಹೇಳಿ ಹೇಳಿ ಗಂಟಲು ಒಣಗಿತು. ಅವರ ಉಚ್ಚಾರದಲ್ಲಿ ಹಕಾರ ಸಾಮಾನ್ಯವಾಗಿ ಇರುವುದೇ ಇಲ್ಲ, ‘ವೀಇಕಲ್’ ಎಂಬಂತೆ ಕೇಳುತ್ತದೆ. ಇದನ್ನು ಹೇಳಿಕೊಟ್ಟದ್ದು ಮಗಳು. ಆಪ್ ಬರೀ ‘ಮತ್ತೆ ಪ್ರಯತ್ನಿಸಿ’ ಎನ್ನುತ್ತಿತ್ತು, ಎಲ್ಲಿ ತಪ್ಪಿದೆ ಎಂದು ಹೇಳುವುದಿಲ್ಲ. ಗಿವ್ ವೇ ಎನ್ನುವಾಗ ಮೊದಲ ‘ವ್’ಗೆ ಹಲ್ಲು ತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ಗುಂಡಗಾಗಬೇಕು. ಕನ್ನಡದಲ್ಲಿ ಎರಡಕ್ಕೂ ಒಂದೇ ಅಕ್ಷರ. ನಮ್ಮವರಿಗೆ ನಾಲ್ಕನೇ ಸಲಕ್ಕೆ ಹಸಿರು ಬಂತು, ನನಗೆ ಹನ್ನೊಂದನೇ ಸಲಕ್ಕೂ ಬರಲಿಲ್ಲ. ರಸ್ತೆಯಲ್ಲಿ ಯಾರೂ ನನ್ನನ್ನು ಗಿವ್ ವೇ ಹೇಳಿಸಿ ಪರೀಕ್ಷೆ ಮಾಡುವುದಿಲ್ಲ, ದಾರಿ ಬಿಟ್ಟರೆ ಸಾಕು.

ಮೂರು ಸ್ಟಾರ್ ಕೊಟ್ಟಿದ್ದೇನೆ. ಅದರಲ್ಲಿ ಎರಡು ಫಲಕಗಳ ಪಾಠಕ್ಕೆ, ಒಂದು ಜಾಹೀರಾತು ಇಲ್ಲದ್ದಕ್ಕೆ. ಕಾರು ಓಡಿಸಲು ಬರುವವರು ಮೊದಲ ಐದು ಪಾಠ ಬಿಟ್ಟು ಆರರಿಂದ ಶುರು ಮಾಡಿ, ಏನೂ ಕಳೆದುಕೊಳ್ಳುವುದಿಲ್ಲ. ಭಾಷೆ ಅಮೆರಿಕನ್ ಎಂದೇ ಇಟ್ಟುಕೊಳ್ಳಿ, ಆಗಲಾದರೂ ದನಿಗೂ ಪದಕ್ಕೂ ತಾಳೆಯಾಗುತ್ತದೆ. ಬ್ರಿಟಿಷ್ ಪದಗಳನ್ನು ಪಕ್ಕದಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳಿ. ಕಾರಿಗೇ ಹೊಸಬರಾದ ಮಕ್ಕಳಿಗೆ, ಹಿರಿಯರಿಗೆ ಮೊದಲ ಪಾಠಗಳೂ ಹಿಡಿಸಬಹುದು.

ಕಳೆದ ವಾರದ ಕ್ಲಾಸಿನಲ್ಲಿ ಇನ್‌ಸ್ಟ್ರಕ್ಟರ್ ಮತ್ತೆ ಅದೇ ಖಾಲಿ ರಸ್ತೆಗೆ ಕರೆದುಕೊಂಡು ಹೋದರು. ‘ಪುಲ್ ಅಪ್ ಆನ್ ದ ಲೆಫ್ಟ್’ ಎನ್ನುವ ಮೊದಲೇ ಅವರ ಒಂದು ಕೈ ಕನ್ನಡಕದ ಮೇಲಿತ್ತು. ನಾನು ಮಿರರ್ ನೋಡಿ, ಇಂಡಿಕೇಟರ್ ಹಾಕಿ, ಬದಿಗೆ ಬಂದು ಮೆಲ್ಲಗೆ ನಿಲ್ಲಿಸಿದೆ. ಕೈ ಕೆಳಗಿಳಿಯಿತು.

ಟೆಸ್ಟ್ ಇನ್ನು ಹನ್ನೆರಡು ದಿನ ಇದೆ. ಆಪ್ ಇನ್ನೂ ಫೋನಿನಲ್ಲೇ ಇದೆ. ಇವತ್ತು ಬೆಳಿಗ್ಗೆ ಏಳಕ್ಕೆ ನೋಟಿಫಿಕೇಷನ್ ಕಳಿಸಿತ್ತು: ‘ನೀವು ಬಸ್ ಪದವನ್ನು ಮರೆತಿರಬಹುದು. ಒಮ್ಮೆ ಅಭ್ಯಾಸ ಮಾಡೋಣವೇ?’